ತವರಿನ ಕಪ್ಪು ಬಟ್ಟೆ

ಮಾರ್ಚ್ 13, 1994, ಭಾನುವಾರ

ಗಲಭೆಯಿಂದ ಶಾಲೆಗೆ ಬೀಗ ಬಿದ್ದು ಇವತ್ತಿಗೆ ಹದಿನೇಳು ದಿನ. ಐದನೇ ತರಗತಿಯವರಿಗೆ ಹಂಚಬೇಕಿದ್ದ ನೋಟ್‌ಬುಕ್ಕುಗಳ ಕಟ್ಟು ಮನೆಯಲ್ಲೇ ಕೂತಿದೆ. ಅದರಲ್ಲೊಂದನ್ನು ನಾನೇ ತೆಗೆದುಕೊಂಡೆ. ಕದ್ದೆ ಎಂದರೂ ಸರಿಯೇ. ದಿನಕ್ಕೆ ನಾಲ್ಕು ಜನಕ್ಕಾದರೂ ಪಾಠ ಹೇಳದಿದ್ದರೆ ನನಗೆ ತಲೆ ಕೆಡುತ್ತದೆ. ಕೇಳುವವರಿಲ್ಲದ ದಿನ ಕಾಗದವೇ ಕೇಳಲಿ.

ಮಕ್ಕಳು ಹೋದರೂ ಮುದುಕರು ಸಿಕ್ಕಿದ್ದಾರೆ. ಓಟು ಹಾಕುವುದು ಹೇಗೆ ಎಂದು ಚರ್ಚಿನಲ್ಲಿ ಪಾಠ ಮಾಡುತ್ತಿದ್ದೇನೆ. ಬೂಟಿನ ಡಬ್ಬಿಗೆ ಸೀಳು ಕೊರೆದರೆ ಅದೇ ಮತಪೆಟ್ಟಿಗೆ. ಇವತ್ತು ಇಪ್ಪತ್ತಾರು ಜನ ಬಂದಿದ್ದರು. ಎಲ್ಲರೂ ಅರವತ್ತು ದಾಟಿದವರು, ಕರಿಯರಿಗೆ ಓಟೇ ಇರದ ಈ ದೇಶದಲ್ಲಿ ಜನ್ಮದಲ್ಲಿ ಒಬ್ಬರೂ ಓಟು ಹಾಕಿದವರಲ್ಲ. ಕಲ್ಲಿದ್ದಲು ಮಾರುವ ತಾತ ಕೈ ಎತ್ತಿದ.

“ಮಿಸ್, ಎಪ್ಪತ್ತು ವರ್ಷ ಕಾದಿದೀನಿ. ಗುರುತು ಹಾಕಿದ ತಕ್ಷಣ ಹೊರಗೆ ಬಂದ್ಬಿಡ್ಬೇಕಾ? ಸ್ವಲ್ಪ ಹೊತ್ತು ಒಳಗೇ ನಿಂತಿರಬಹುದಾ?”

ಎಲ್ಲರೂ ನಕ್ಕರು. “ನಿಂತಿರು ತಾತ,” ಎಂದೆ. ಮುಂದಿನ ಸಾಲಿನಲ್ಲಿ ನನ್ನ ಅತ್ತೆ ಮಮೆಲ್ಲೊ, ಮಗನ ಮದುವೆಗೆ ಹಾಕಿದ್ದ ಟೋಪಿಯನ್ನೇ ಹಾಕಿಕೊಂಡು ಕೂತಿದ್ದರು. ಪಾಠಕ್ಕೆ ಬರುವಾಗಲೂ ಅದೇ ಟೋಪಿ.

ಬಾಗಿಲಲ್ಲಿ ಮೊಲೆಫಿ ನಿಂತಿದ್ದ. ನನ್ನ ಹಳೆಯ ಶಿಷ್ಯ, ಏಳರ ಮಗ್ಗಿ ಕೊನೆಗೂ ಬಾಯಿಗೆ ಬರಲಿಲ್ಲ. ಈಗ ಇಪ್ಪತ್ಮೂರು, ಹಳಿಯಾಚೆಯ ಜುಲು ಕೂಲಿಗಾರರ ಹಾಸ್ಟೆಲ್ಲಿನವರಿಂದ ನಮ್ಮ ಬೀದಿ ಕಾಯುವ ಹುಡುಗರ ನಾಯಕ, ಹೆಗಲಿಗೆ ರೈಫಲ್ಲು. “ಮಿಸ್, ಆ ಹಾಸ್ಟೆಲ್ ನಾಯಿಗಳಿಗೂ ಓಟಿದೆಯಾ?” ಎಂದ.

“ನಾಯಿಗಳಿಗಿಲ್ಲ. ಮನುಷ್ಯರಿಗಿದೆ, ಅಲ್ಲಿರೋರೂ ಮನುಷ್ಯರೇ. ನಮ್ಮಣ್ಣ ಅಲ್ಲೇ ಇರೋದು, ಗೊತ್ತಲ್ವಾ? ಇನ್ನೊಂದ್ಸಲ ಆ ಮಾತಾಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ.”

ರೈಫಲ್ಲು ಹೊತ್ತವನು ತಲೆ ತಗ್ಗಿಸಿದ. ಗಂಡ ಟೆಬೊಹೊ ಸಂಜೆ ಬ್ರೆಡ್ಡಿನ ವ್ಯಾನು ನಿಲ್ಲಿಸಿ ಬಂದಾಗ ಇದನ್ನು ಹೇಳಿದೆ. “ದೇಶಕ್ಕೆ ಇಪ್ಪತ್ತೇಳು ವರ್ಷ ಜೈಲಲ್ಲಿದ್ದ ನಮ್ಮ ಮುದುಕರು ಅಧ್ಯಕ್ಷರಾಗಲಿ ಬಿಡು, ಈ ಬೀದಿಗೆ ನೀನೇ,” ಎಂದ. ಚುನಾವಣೆಗೆ ಇನ್ನು ನಲವತ್ತೈದು ದಿನ. ಬಿಳಿಯರ ಮುಂದೆ ಪರವಾನಗಿ ಚೀಟಿ ತೋರಿಸಿ ನಡೆದಾಡಿದ ನಾವು ನಮ್ಮವರನ್ನೇ ಗದ್ದುಗೆಗೆ ಏರಿಸುತ್ತೇವೆ! ನನಗೆ ನಿದ್ದೆಯಲ್ಲೂ ನಗು ಬರುತ್ತಿದೆಯಂತೆ.

ಮಾರ್ಚ್ 26, ಶನಿವಾರ

ಅಣ್ಣನನ್ನು ನೋಡಿ ಬಂದೆ. ಅವನು ನಮ್ಮ ಬೀದಿಗೆ ಬರುವ ಹಾಗಿಲ್ಲ, ನಾನು ಹಾಸ್ಟೆಲ್ಲಿಗೆ ಹೋಗುವ ಹಾಗಿಲ್ಲ. ನಡುವೆ ಇರುವುದು ಒಂದು ರೈಲು ಹಳಿ, ಒಂದು ಮೈದಾನ. ಅದಕ್ಕೆ ಇಬ್ಬರೂ ಬೇರೆ ಬೇರೆ ರೈಲು ಹತ್ತಿ ಜರ್ಮಿಸ್ಟನ್ ನಿಲ್ದಾಣದ ಬೆಂಚಿನಲ್ಲಿ ಕೂತು ಎಣ್ಣೆಯಲ್ಲಿ ಕರಿದ ಬನ್ನು ತಿಂದೆವು.

ಅಣ್ಣ ವೆಲಾಫಿ ಇಳಿದುಹೋಗಿದ್ದಾನೆ. ಫೌಂಡ್ರಿಯಿಂದ ಹಳದಿ ಹೆಲ್ಮೆಟ್ಟಿನಲ್ಲೇ ಬಂದಿದ್ದ.

“ಏನೇ ಲಂಗಾ, ನಿಮ್ಮ ಮುದುಕ ಗೆದ್ರೆ ಜುಲುಗಳನ್ನೆಲ್ಲ ವಾಪಸ್ ಊರಿಗೆ, ನಟಾಲಿಗೆ ಓಡಿಸ್ತಾನಂತೆ?”

“ನಾನೂ ಜುಲುನೇ ಅಲ್ವಾ? ಸೋತೊ ಮನೆ ಸೊಸೆಯಾದ್ರೆ ರಕ್ತ ಬದಲಾಯ್ತಾ? ನಿನ್ನ ಓಡಿಸೋದಾದ್ರೆ ಮೊದಲು ಬೂಟು ತೊಳೆಸ್ತಾರೆ. ನಾರ್ತಿದೆ.”

“ಬೂಟು ಬಿಚ್ಚೋಕೆ ಪುರಸೊತ್ತೆಲ್ಲಿ? ಮಲಗೋವಾಗ್ಲೂ ಕಾಲಲ್ಲೇ ಇರುತ್ತೆ. ಯಾವಾಗ ಓಡ್ಬೇಕೋ ಏನೋ.”

“ಬಿಟ್ಟು ಬಾ ಅಲ್ಲಿಂದ.”

“ಎಲ್ಲಿಗೆ? ನಿನ್ನ ಬೀದಿಗಾ? ನಿನ್ನ ಶಿಷ್ಯರು ನನ್ನ ಕತ್ತಿಗೆ ಟೈರು ಹಾಕಿ ಸುಡ್ತಾರೆ.”

ಅವನು ತಮಾಷೆಗೆ ಹೇಳಿದ, ನಾನು ನಗಲಿಲ್ಲ. ಅವನ ಪಕ್ಷದವರು ಚುನಾವಣೆಯೇ ಬೇಡ ಎಂದು ಕೂತಿದ್ದಾರೆ. ಅದನ್ನೆತ್ತಿದರೆ ಜಗಳವಾಗುತ್ತದೆ ಎಂದು ಎತ್ತಲಿಲ್ಲ. ಅಪ್ಪ ಗಣಿಯಲ್ಲಿ ಸತ್ತಾಗ ಅಣ್ಣನಿಗೆ ಹದಿನೈದು. ಅವನು ಕುಲುಮೆಯ ಮುಂದೆ ಬೆನ್ನು ಸುಟ್ಟುಕೊಂಡ, ನಾನು ಟೀಚರಾದೆ. ಜಗಳದಲ್ಲಿ ಗೆದ್ದರೂ ನನಗೆ ನಾಚಿಕೆಯೇ ಆಗುವುದು.

ಏಳುವಾಗ ಹೇಳಿದ: “ಭಾವನಿಗೆ ಹೇಳು, ವ್ಯಾನನ್ನ ಹಾಸ್ಟೆಲ್ ಮುಂದಿನ ರಸ್ತೇಲಿ ತರೋದು ಬೇಡ. ಸುತ್ಕೊಂಡು ಹೋಗ್ಲಿ.” ಟೆಬೊಹೊನಿಗೆ ಹೇಳಿದೆ. ಸುತ್ತಿ ಹೋದರೆ ಬ್ರೆಡ್ಡು ತಣ್ಣಗಾಗುತ್ತದಂತೆ.

ಏಪ್ರಿಲ್ 5

ಮೂರು ದಿನದಿಂದ ಗುಂಡಿನ ಸದ್ದು ನಿಂತಿಲ್ಲ. ಬೀರುವನ್ನು ಕಿಟಕಿಗೆ ಅಡ್ಡ ನೂಕಿದ್ದೇವೆ. ಒಂದು ಗುಂಡು ಬೀರು ತೂರಿ ನನ್ನ ಹಸಿರು ಕೋಟಿನಲ್ಲಿ ಸಿಕ್ಕಿಕೊಂಡಿತ್ತು, ಅತ್ತೆ ಅದನ್ನು ಬೆರಳಲ್ಲಿ ಕಿತ್ತು ಕಸಕ್ಕೆ ಹಾಕಿದರು.

ನಿನ್ನೆ ಹಾಸ್ಟೆಲ್‌ನವರು ಮೂಲೆಮನೆಗೆ ಬೆಂಕಿ ಹಚ್ಚಿದರು. ಕಲ್ಲಿದ್ದಲು ತಾತ ನೀರು ತೆಗೆದುಕೊಂಡು ಓಡಿದ. ಅವನನ್ನು ಹಿಡಿದು ಭರ್ಜಿಯಿಂದ ಚುಚ್ಚಿ ಅದೇ ಬೆಂಕಿಗೆ ನೂಕಿದರು. ಬಕೆಟ್ಟು ಮಾತ್ರ ಹೊರಗೆ ಉಳಿದಿತ್ತು, ತುಂಬಿದ್ದು ತುಂಬಿದ ಹಾಗೇ. ಇವತ್ತು ನಮ್ಮ ಹುಡುಗರು ಹಳಿಯಾಚೆಯಿಂದ ಒಬ್ಬನನ್ನು ಎಳೆದು ತಂದು ಬೀದಿ ನಡುವೆ ಕೊಂದರು. ನಾನು ನೋಡಲಿಲ್ಲ. ಕೇಳಿಸಿತು. ಮನುಷ್ಯ ಅಷ್ಟು ಹೊತ್ತು ಕೂಗಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಪಾಠಕ್ಕೆ ಒಂಬತ್ತೇ ಜನ. ತಾತನ ಬೆಂಚು ಖಾಲಿ. ಆದರೂ ಡಬ್ಬಿ ಇಟ್ಟು ಪಾಠ ಮಾಡಿದೆ. “ಅವರಿಗೆ ಬೇಕಿರೋದೇ ನಾವು ಹೆದರಿ ಮನೇಲಿ ಕೂರೋದು,” ಎಂದೆ. ಯಾರಿಗೆ ಎಂದು ಹೇಳಲಿಲ್ಲ.

ಏಪ್ರಿಲ್ 11

ಟೆಬೊಹೊನನ್ನು ಕೊಂದರು.

ಏಪ್ರಿಲ್ 14, ಗುರುವಾರ

ಕಿಟಕಿಗಡ್ಡದ ಬೀರು ಬಿಟ್ಟು ಕೋಣೆಯ ಸಾಮಾನನ್ನೆಲ್ಲ ಹೊರಗೆ ಹಾಕಿ, ಕನ್ನಡಿಯನ್ನು ಗೋಡೆಗೆ ತಿರುಗಿಸಿ, ನೆಲದ ಮೇಲೆ ಹಾಸಿಗೆ ಹಾಕಿ ನನ್ನನ್ನು ಕೂರಿಸಿದ್ದಾರೆ. ಬಂದವರು ಪ್ರಾರ್ಥನೆ ಮಾಡುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ.

ಸೋಮವಾರ ಬೆಳಗ್ಗೆ ಹಾಸ್ಟೆಲ್ ಮುಂದೆ ಕಲ್ಲು ಅಡ್ಡ ಇಟ್ಟು ವ್ಯಾನು ನಿಲ್ಲಿಸಿದರಂತೆ. ಮೊದಲು ಗಾಜಿಗೆ ಗುಂಡು. ಅವನು ಬಾಗಿಲು ತೆಗೆದು ಎರಡೂ ಕೈ ಮೇಲೆತ್ತಿ ಇಳಿದನಂತೆ. ಕೊಡಲಿ ಮೊದಲು ಬಿದ್ದದ್ದು ಆ ಕೈಗಳ ಮೇಲೆ. ಮುಖ ನೋಡಬೇಡ ಎಂದು ಅತ್ತೆ ಹೇಳಿದರು. ಅವರು ನೋಡಿದ್ದಾರೆ. ಆಮೇಲೆ ಜನ ಬಂದು ರಸ್ತೆಯಲ್ಲಿ ಬಿದ್ದ ಬ್ರೆಡ್ಡುಗಳಲ್ಲಿ ರಕ್ತ ತಾಗದ್ದನ್ನು ಆರಿಸಿಕೊಂಡು ಹೋದರಂತೆ. ಆರಿಸಿಕೊಂಡವರಲ್ಲಿ ನಮ್ಮ ಬೀದಿಯವರೂ ಇದ್ದರು. ಯಾರ ಮನೆಯಲ್ಲಿ ಈ ವಾರ ಬ್ರೆಡ್ಡು ತಿಂದರು ಎಂದು ಮಲಗಿದಲ್ಲೇ ಯೋಚಿಸುತ್ತಿದ್ದೇನೆ.

ಅತ್ತೆ ಪಾದ್ರಿ ಮೊಕೊಯೆನಾರ ಕೈಲಿ ಹಾಸ್ಟೆಲ್ಲಿಗೆ ಸುದ್ದಿ ಕಳಿಸಿದ್ದಾರೆ. ಎರಡೂ ಕಡೆ ಓಡಾಡುವವರು ಅವರೊಬ್ಬರೇ. ವಿಧವೆಯ ಕಪ್ಪು ಬಟ್ಟೆ ತವರಿನಿಂದಲೇ ಬರಬೇಕು, ಅಪ್ಪ ಇಲ್ಲದಿದ್ದರೆ ಅಣ್ಣ ಸ್ವಂತ ಕೈಯಾರೆ ತರಬೇಕು. ಅದು ಮೈಮೇಲೆ ಬೀಳುವ ತನಕ, ಮಣ್ಣಿಗೆ ಹೋಗುವುದೊಂದು ಬಿಟ್ಟು, ಹೊಸ್ತಿಲು ದಾಟುವ ಹಾಗಿಲ್ಲ.

“ವೆಲಾಫಿ ಬರ್ತಾನೆ ಬಿಡು,” ಎಂದರು ಅತ್ತೆ. “ಬೆಂಕಿ ಬಿದ್ರೂ ಬರ್ತಾನೆ ಅವನು.”

ಮೊಲೆಫಿ ಬಂದಿದ್ದ. ರೈಫಲ್ಲು ಹೊರಗಿಟ್ಟು ಮಂಡಿಯೂರಿ ಕೂತು ಅತ್ತ. ಹೋಗುವಾಗ ಮೆಲ್ಲಗೆ ಹೇಳಿದ: “ಮಿಸ್, ಹೇಳ್ಬಾರದು ಅನ್ಕೊಂಡಿದ್ದೆ. ಆ ಗುಂಪಿನಲ್ಲಿ ಹಳದಿ ಹೆಲ್ಮೆಟ್ಟಿನವನೊಬ್ಬ ಇದ್ದನಂತೆ.”

ಏಪ್ರಿಲ್ 16

ಮಣ್ಣು ಮಾಡಿದೆವು. ಸ್ಮಶಾನದಲ್ಲೂ ಗುಂಡು ಹಾರಿಸಿದರು. ಹೊತ್ತವರು ಪೆಟ್ಟಿಗೆ ಬಿಟ್ಟು ಓಡಿದರು, ಪೆಟ್ಟಿಗೆ ಓರೆಯಾಗಿ ಗುಂಡಿಯ ಬಾಯಲ್ಲಿ ಸಿಕ್ಕಿಕೊಂಡಿತು. ನಾನು ಅದರ ಪಕ್ಕದಲ್ಲೇ ಕವುಚಿ ಮಲಗಿದ್ದೆ. ಹಾಗೆ ಅಕ್ಕಪಕ್ಕ ಮಲಗಿದ್ದು ಅದೇ ಕೊನೆ.

ಸುತ್ಕೊಂಡು ಹೋಗ್ಲಿ ಎಂದಿದ್ದ ಅಣ್ಣ. ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಯಾರಾದರೂ ಹಾಗೆ ಹೇಳುತ್ತಾರೆಯೇ?

ಏಪ್ರಿಲ್ 18, ಸೋಮವಾರ

ವೆಲಾಫಿ ಶನಿವಾರ ಬಟ್ಟೆ ತರುತ್ತಾನೆ ಎಂದು ಪಾದ್ರಿ ನಿನ್ನೆ ಉತ್ತರ ತಂದರು.

ಇವತ್ತು ಅತ್ತೆ ನಲ್ಲಿಯ ಹತ್ತಿರ ಹೋಗಿದ್ದಾಗ ಮೊಲೆಫಿ ಬಂದ. ಗೋಡೆಗೆ ಒರಗಿ ಕೂತು ಬೂಟಿನ ದಾರದ ಜೊತೆ ಆಡುತ್ತಿದ್ದ, ಹೋಮ್‌ವರ್ಕ್ ಮಾಡದೆ ಬಂದ ದಿನದ ಹಾಗೆ.

“ಮಿಸ್, ಬಟ್ಟೆ ಶನಿವಾರ ಬರುತ್ತಂತೆ?”

“ಹೂಂ.”

“ಎಷ್ಟು ಹೊತ್ತಿಗೆ?”

“ಹತ್ತು ಗಂಟೆಗೆ.”

“ಯಾವ ಕಡೆಯಿಂದ?”

ನಾನು ಹಾಸಿಗೆಯ ಅಂಚು ಮಡಿಸಿದೆ. ಅವನು ಬೂಟಿನ ದಾರ ಬಿಗಿದು ಕಟ್ಟಿದ.

“ಹಳಿ ದಾಟಿ, ಚರ್ಚಿನ ಹಿಂದಿನ ಕಾಲುದಾರಿ. ಕೋಲಿಗೆ ಬಿಳಿ ಬಟ್ಟೆ ಕಟ್ಕೊಂಡು ಬರ್ತಾನೆ.”

“ಸರಿ ಮಿಸ್,” ಎಂದು ಎದ್ದ. ಬಾಗಿಲಲ್ಲಿ ತಿರುಗಿ, “ನಿಮಗೆ ಸಕ್ಕರೆ ಗಿಕ್ಕರೆ ಬೇಕಾ?” ಎಂದು ಕೇಳಿದ. ಬೇಡ ಎಂದೆ.

ಕೇಳಿದ್ದಕ್ಕೆ ಉತ್ತರ ಹೇಳಿದ್ದೇನೆ, ಅಷ್ಟೆ. ನಾನು ಯಾರಿಗೂ ಕೇಡು ಬಯಸಿದವಳಲ್ಲ. ಏನು ಮಾಡುತ್ತೀರಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೆದರಿಸಿ ಬಿಡಬಹುದು. ಟೆಬೊಹೊನ ಕೈ ಕಡಿದವರು ಯಾರು ಎಂದು ಬಾಯಿ ಬಿಡಿಸಬಹುದು. ಬಿಡಿಸಲಿ.

ಅತ್ತೆ ಬಂದ ಮೇಲೆ ಮಾತಿನ ನಡುವೆ ಹಾಸ್ಟೆಲ್ ನಾಯಿಗಳು ಎಂದೆ. ಅವರು ಕೊಡ ಇಳಿಸಿ ನನ್ನನ್ನೇ ನೋಡಿದರು. “ಮಗ ಸತ್ತಿರೋದು ನಂಗೆ,” ಎಂದರು. “ಈ ಮನೇಲಿ ಆ ಮಾತು ಬೇಡ.” ವಯಸ್ಸಾಯಿತು, ಅವರಿಗೇನು ಅರ್ಥವಾಗುತ್ತದೆ?

ಏಪ್ರಿಲ್ 19

ರೇಡಿಯೋದಲ್ಲಿ ಬಂತು. ಹಾಸ್ಟೆಲ್‌ನವರ ಪಕ್ಷವೂ ಚುನಾವಣೆಗೆ ಒಪ್ಪಿದೆ. ಓಟಿನ ಕಾಗದ ಮೊದಲೇ ಅಚ್ಚಾಗಿರುವುದರಿಂದ ಅವರ ಹೆಸರನ್ನು ಒಂದು ಪಟ್ಟಿಯಲ್ಲಿ ಅಚ್ಚು ಮಾಡಿ ತಳದಲ್ಲಿ ಅಂಟಿಸುತ್ತಾರಂತೆ.

ಬೀದಿಯಲ್ಲಿ ಜನ ಡಬ್ಬಿ ಬಡಿದು ಕುಣಿದರು. ಎಂಟು ದಿನ ತಡ. ಎಂಟೇ ದಿನ! ಒಪ್ಪುವುದೇ ಆಗಿದ್ದರೆ ಟೆಬೊಹೊ ವ್ಯಾನು ಹತ್ತುವ ಮುಂಚೆ ಒಪ್ಪಬಾರದಿತ್ತೇ? ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ, ಇವರಿಗೆ ಕುಣಿತ.

ಅತ್ತೆ ಒಳಗೆ ಬಂದು, “ಇನ್ನು ಯಾರೂ ಯಾರನ್ನೂ ಕೊಲ್ಲೋದು ಬೇಕಾಗಿಲ್ಲ,” ಎಂದು ಕಣ್ಣೊರೆಸಿಕೊಂಡರು. ಆಗ ಮೊಲೆಫಿ ನೆನಪಾದ. ಕರೆಸಿ ಒಂದು ಮಾತು ಹೇಳಬೇಕಿತ್ತೋ ಏನೋ. ಆದರೆ ಅವನ ಮನೆ ಬೀದಿಯ ಆ ತುದಿ. ನಾನು ಹೊಸ್ತಿಲು ದಾಟುವ ಹಾಗಿಲ್ಲವಲ್ಲ.

ಏಪ್ರಿಲ್ 22, ಶುಕ್ರವಾರ

ಪಾದ್ರಿ ಬಂದರು. ಹಾಸ್ಟೆಲ್‌ನವನು ಮಾತು ಕಳಿಸಿದ್ದಾನೆ. ಅವರು ಅವನ ದನಿಯಲ್ಲೇ ಹೇಳಲು ನೋಡಿದರು, ಅಭಿನಯ ಬಾರದು.

“ನಾಳೆ ಹತ್ತಕ್ಕೆ ಬರ್ತೀನಿ. ಹೊಲಿಸೋದಕ್ಕೆ ತಡ ಆಯ್ತು, ಬೈಕೋಬೇಡ ಅನ್ನಿ. ಲಂಗಾಗೆ ಹೇಳಿ, ನಂಗೂ ಓಟಿನ ಕಾರ್ಡು ಕೊಟ್ರು. ಐವತ್ತೊಂದನೇ ವಯಸ್ಸಿಗೆ ಫೋಟೋ ತೆಗೆಸ್ಕೊಂಡೆ. ಗುರುತು ಹೇಗೆ ಹಾಕೋದು ಅಂತ ನಾಳೆ ಅವಳೇ ಹೇಳಿಕೊಡ್ಬೇಕು. ಊರಿಗೆಲ್ಲ ಹೇಳಿಕೊಟ್ಟಿದಾಳಂತೆ, ಅಣ್ಣನಿಗೆ ಹೇಳಿಕೊಡಲ್ವಾ?”

ಪಾದ್ರಿ ನಗುತ್ತ ಕಾದರು. ನಾನು ಏನಾದರೂ ಹೇಳುತ್ತೇನೆ ಎಂದುಕೊಂಡಿರಬೇಕು.

“ಇನ್ನು ಸ್ವಲ್ಪ ಚಹಾ ಹಾಕ್ಲಾ ಫಾದರ್?” ಎಂದೆ.

“ಬೇಡಮ್ಮ. ಮತ್ತೇನಾದ್ರೂ ಹೇಳೋದಿದೆಯಾ ಅವನಿಗೆ? ಸಂಜೆ ಆ ಕಡೆನೇ ಹೋಗ್ತಿದೀನಿ.”

ಬಾಯಿಗೆ ಬಂತು. ಬರಬೇಡ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಬಂದ ಮಾತಿನ ಹಿಂದೆಯೇ ಹಳದಿ ಹೆಲ್ಮೆಟ್ಟು ಬಂತು, ಕೈಯೆತ್ತಿ ಇಳಿದ ಟೆಬೊಹೊ ಬಂದ. “ಏನಿಲ್ಲ,” ಎಂದೆ. ಅವರು ಲೋಟ ಕೆಳಗಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದರು. ಆ ಕೈ ಭಾರವಾಗಿತ್ತು.

ಮೊಲೆಫಿಗೂ ರೇಡಿಯೋ ಕೇಳಿಸಿರುತ್ತದೆ. ಅವನೇ ಬಿಟ್ಟುಬಿಡುತ್ತಾನೆ. ನಾನೇ ಹೇಳಬೇಕೆಂದೇನಿಲ್ಲ.

ಏಪ್ರಿಲ್ 23, ಶನಿವಾರ

ಬರೆಯಲೇಬೇಕು. ಬರೆಯದಿದ್ದರೆ ನಾಳೆ ನಾನು ಬೇರೆ ರೀತಿ ನೆನಪಿಟ್ಟುಕೊಳ್ಳುತ್ತೇನೆ.

ಒಂಬತ್ತೂವರೆಗೆ ಅತ್ತೆ ಒಲೆ ಹೊತ್ತಿಸಿ, ಅವನಿಗೆಂದು ಮಾಂಸದ ಸಾರು ಇಟ್ಟರು. ಹತ್ತಕ್ಕೆ ಐದು ನಿಮಿಷ ಇರುವಾಗ ಸಿಳ್ಳೆ ಕೇಳಿಸಿತು. ಅದು ಹುಡುಗರ ಸಿಳ್ಳೆ. ಬೀರುವಿನ ಸಂದಿಯಿಂದ ನೋಡಿದೆ. ಚರ್ಚಿಗೆ ಹಾಕುವ ಕೋಟು ಹಾಕಿಕೊಂಡಿದ್ದ, ಬರಿತಲೆ. ಒಂದು ಕೈಯಲ್ಲಿ ಬಿಳಿ ಕರವಸ್ತ್ರ ಕಟ್ಟಿದ ಕೋಲು, ಇನ್ನೊಂದರಲ್ಲಿ ಕಂದು ಕಾಗದದ ಗಂಟು. ಕಾಲುದಾರಿ ಮುಗಿದು ನಮ್ಮ ಬೀದಿಗೆ ಕಾಲಿಟ್ಟ. ಗೋಡೆಯ ಹಿಂದಿನಿಂದ ಐದು ಜನ ಎದ್ದರು.

ಮೊದಲ ಗುಂಡು ತೊಡೆಗೆ ಬಿತ್ತು. ಕೂತು, ಮತ್ತೆ ಎದ್ದ. ಕೋಲು ಬಿಟ್ಟ, ಗಂಟು ಬಿಡಲಿಲ್ಲ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದ: “ಬಟ್ಟೆ ಕಣ್ರೋ! ಬಟ್ಟೆ ತಂದಿದೀನಿ! ನನ್ನ ತಂಗಿ ಮನೆ ಅದು!”

ಅವರು ಬಂದೇ ಬಂದರು. ಅವನು ಕುಂಟುತ್ತ ನಮ್ಮ ಬಾಗಿಲ ಕಡೆ ಓಡಿ ಬರುತ್ತಿದ್ದ. ಮೂವತ್ತು ಹೆಜ್ಜೆ ಇದ್ದಿರಬೇಕು.

“ಲಂಗಾ! ಬಾಗಿಲು ತೆಗಿಯೇ! ಲಂಗಾ!”

ನನ್ನ ಕೈ ಅಗುಳಿಯ ಮೇಲೇ ಇತ್ತು. ಬಟ್ಟೆ ಮೈಮೇಲೆ ಬೀಳದೆ ಹೊಸ್ತಿಲು ದಾಟಬಾರದು ಎಂಬುದು ನೆನಪಾಯಿತು. ನಿಜವಾಗಿಯೂ ಅದೇ ನೆನಪಾಯಿತು, ಅದು ನೆಪವಲ್ಲ. ಅಗುಳಿ ತಣ್ಣಗಿತ್ತು. ಅವನು ಮುಗ್ಗರಿಸಿದ. ಮಚ್ಚು ಕುತ್ತಿಗೆಯ ಪಕ್ಕ ಬಿತ್ತು, ಆಮೇಲೆ ಕಲ್ಲು, ಆಮೇಲೆ ಮತ್ತೆ ಮಚ್ಚು. ಒಬ್ಬ ಅವನ ಬೆನ್ನ ಮೇಲೆ ನಿಂತು ಕುಣಿದ. ಆ ಸುಟ್ಟ ಬೆನ್ನಿನ ಮೇಲೆ.

ಅತ್ತೆ ನನ್ನನ್ನು ಗೋಡೆಗೆ ನೂಕಿ ಬಾಗಿಲು ತೆಗೆದು ಓಡಿದರು. ಎಪ್ಪತ್ತೊಂದು ವರ್ಷದ ಹೆಂಗಸು. ಹೋಗಿ ಅವನ ಮೇಲೆ ಬಿದ್ದುಕೊಂಡರು.

“ಅಜ್ಜಿ, ಏಳಿ. ಏಳಿ ಅಜ್ಜಿ, ನಿಮಗೆ ತಾಗುತ್ತೆ,” ಎಂದು ಮೊಲೆಫಿ ಅಂಗಲಾಚುತ್ತಿದ್ದ.

“ನನ್ನನ್ನೂ ಕಡಿಯೋ!” ಎಂದು ಅತ್ತೆ ಕಿರುಚಿದರು. “ಬೀಗರ ಮನೆಯವನು ಕಣೋ! ಮನೆ ಬಾಗಿಲಿಗೆ ಬಂದೋನನ್ನ! ಯಾವನಿಗೆ ಹುಟ್ಟಿದ್ರೋ ನೀವು!”

ಹುಡುಗರು ಹಿಂದೆ ಸರಿದರು. ಅಣ್ಣನ ಕಾಲು ಇನ್ನೂ ಸ್ವಲ್ಪ ಹೊತ್ತು ಅಲುಗುತ್ತಿತ್ತು. ಅತ್ತೆ ಹೆಗಲ ಕಂಬಳಿ ತೆಗೆದು ಹೊದಿಸಿದರು. ನಾನು ಹೊಸ್ತಿಲ ಒಳಗೇ ನಿಂತಿದ್ದೆ.

ಅತ್ತೆ ಗಂಟು ತಂದು ನನ್ನ ಮಡಿಲಿಗೆ ಹಾಕಿದರು. ಸ್ಕರ್ಟು, ಮೇಲುಹೊದಿಕೆ, ತಲೆವಸ್ತ್ರ, ಒಂದು ಪೊಟ್ಟಣ ಪಿನ್ನು. ಅವನ ಕೋಟಿನ ಜೇಬಿನಲ್ಲಿದ್ದ ಕಾರ್ಡನ್ನೂ ತಂದಿದ್ದರು. ಫೋಟೋದಲ್ಲಿ ಕೂದಲು ನೀರು ಹಚ್ಚಿ ಬಾಚಿದ್ದಾನೆ.

ಏಪ್ರಿಲ್ 24

ರಕ್ತ ತೊಳೆದೆ. ಬಟ್ಟೆ ಸರಿಯಾಗಿ ಕೂರುತ್ತದೆ. ಅಳತೆ ನಾನು ಕಳಿಸಿರಲಿಲ್ಲ.

ಏಪ್ರಿಲ್ 26, ಮಂಗಳವಾರ

ಇವತ್ತು ಮುದುಕರಿಗೆಂದೇ ಮತದಾನ. ಅತ್ತೆ ಹೋಗಲಿಲ್ಲ. ನಾಳೆ ನಿನ್ನ ಜೊತೆಗೇ ಬರುತ್ತೇನೆ ಎಂದರು. ಶನಿವಾರದಿಂದ ನನ್ನೊಡನೆ ಅವರು ಆಡಿದ ಮೊದಲ ಮಾತು ಅದು.

“ಕಪ್ಪು ಬಟ್ಟೆಯವಳು ಜನರ ಮಧ್ಯೆ ನಿಲ್ಲಬಾರದು ಅಂತಾರಲ್ಲ ಅತ್ತೆ.”

“ಅಂತಾರೆ. ಅನ್ನೋರು ನಾವೇ ತಾನೇ? ಬೇಕಾದಾಗ ಬಿಡೋರೂ ನಾವೇ. ಅಷ್ಟೂ ಗೊತ್ತಾಗಲ್ವಾ ಓದಿರೋಳಿಗೆ?”

ಅವರು ಓಟಿನ ಬಗ್ಗೆಯೇ ಹೇಳಿದ್ದು. ನನ್ನ ಕಣ್ಣು ಬಾಗಿಲ ಅಗುಳಿಯ ಮೇಲೆ ಹೋಯಿತು.

ಏಪ್ರಿಲ್ 27, ಬುಧವಾರ

ನಮ್ಮ ಶಾಲೆಯೇ ಮತಗಟ್ಟೆ. ಅಷ್ಟು ದಿನದ ಬೀಗ ಇವತ್ತು ತೆಗೆದರು. ಬೆಳಕು ಹರಿಯುವಾಗಲೇ ಸಾಲು ರೈಲು ಹಳಿಯ ತನಕ ಹೋಗಿತ್ತು. ಹಳಿಯ ಆಚೆಯಿಂದ ಇನ್ನೊಂದು ಸಾಲು, ಹಾಸ್ಟೆಲ್‌ನವರದು, ನಡುವೆ ಸೈನಿಕರು. ಒಂದು ಗುಂಡಿನ ಸದ್ದೂ ಇಲ್ಲ. ಎರಡು ಸಾಲು ಗೇಟಿನ ಹತ್ತಿರ ಒಂದಾಗುತ್ತಿದ್ದವು.

ಅಲ್ಲಿ ನನ್ನ ಪಕ್ಕಕ್ಕೆ ಬಂದವನು ಒಬ್ಬ ನರೆತ ಮನುಷ್ಯ. ತಲೆಯ ಮೇಲೆ ಹಳದಿ ಹೆಲ್ಮೆಟ್ಟು. ಹಿಂದಿನ ಮೂವರ ತಲೆಯ ಮೇಲೂ ಅದೇ. ನನ್ನ ಬಟ್ಟೆಯನ್ನೇ ನೋಡುತ್ತಿದ್ದ.

“ವೆಲಾಫಿ ತಂಗಿ ಅಲ್ವಾಮ್ಮ ನೀವು? ಈ ಬಟ್ಟೆ ನಾನೇ ಹೊಲಿದಿದ್ದು. ಭಾವ ಸತ್ತ ದಿನ ಅವನೂ ನಾನೂ ಫೌಂಡ್ರಿನಲ್ಲಿದ್ವಿ. ಸುದ್ದಿ ಬಂದಾಗ ಕುಲುಮೆ ಮುಂದೇನೇ ಕುಸಿದು ಕೂತ. ಹೋಗ್ಬೇಡ ಕಣೋ ಅಂತ ಎಲ್ಲಾ ಹೇಳಿದ್ವಿ. ತಂಗಿ ಹೊಸ್ತಿಲೊಳಗೆ ಕೂತಿದಾಳೆ ಅಂದ.” ಸ್ವಲ್ಪ ತಡೆದು ಹೇಳಿದ, “ಬಟ್ಟೆ ತಲುಪಿತಲ್ಲ. ಅದೊಂದು ಸಮಾಧಾನ.”

ನಾನು ತಲೆ ಆಡಿಸಿದೆ. ಬೇರೇನು ಮಾಡಲಿ?

ಒಳಗೆ, ನನ್ನದೇ ತರಗತಿಯ ಕೋಣೆಯಲ್ಲಿ, ಕಣ್ಣಿಗೆ ಕಾಣದ ಶಾಯಿ ಕೈಗೆ ಸಿಂಪಡಿಸಿ ಎರಡು ಕಾಗದ ಕೊಟ್ಟರು. ಒಂದು ದೇಶಕ್ಕೆ, ಒಂದು ಪ್ರಾಂತಕ್ಕೆ. ಮೊದಲನೆಯದರಲ್ಲಿ ಮುದುಕರ ಫೋಟೋ ಹುಡುಕಿ ಗುರುತು ಹಾಕಿದೆ. ಸುಳ್ಳು ಬರೆಯಲಾರೆ, ಸಂತೋಷವಾಯಿತು. ಇಷ್ಟೆಲ್ಲ ಆದ ಮೇಲೂ ಎದೆ ತುಂಬಿ ಬಂತು. ಟೆಬೊಹೊ ಪಕ್ಕದ ಸಾಲಿನಲ್ಲಿ ನಿಂತು ತಮಾಷೆ ಮಾಡುತ್ತಿದ್ದಾನೆ ಎಂದೇ ಒಂದು ಕ್ಷಣ ಅನ್ನಿಸಿತು.

ಎರಡನೆಯ ಕಾಗದದಲ್ಲಿ ಪೆನ್ಸಿಲು ಅದೇ ಹೆಸರಿನ ತನಕ ಹೋಗಿ ನಿಂತಿತು. ಹಿಂದಿನವರು ಕೆಮ್ಮಿದರು. ಕಣ್ಣು ಕೆಳಗಿಳಿಸುತ್ತ ಹೋದೆ, ತಳದಲ್ಲಿ ಅಂಟಿಸಿದ ಪಟ್ಟಿ ಸ್ವಲ್ಪ ಓರೆಯಾಗಿತ್ತು. ಆ ಪಕ್ಷದ ಮೇಲೆ ನನಗೆ ಸಾಸಿವೆಯಷ್ಟೂ ಪ್ರೀತಿಯಿಲ್ಲ. ಅಲ್ಲೇ ಗುರುತು ಹಾಕಿದೆ, ಅಣ್ಣನಿಗೆ ಹೇಳಿಕೊಡುವ ಹಾಗೆ, ಚೌಕದ ಗೆರೆ ದಾಟದಂತೆ ನಿಧಾನವಾಗಿ.

ಹೊರಗೆ ಅತ್ತೆ ನನ್ನ ಕೈ ಹಿಡಿದುಕೊಂಡರು. ಟೋಪಿ ಓರೆಯಾಗಿತ್ತು, ಮುಖವೆಲ್ಲ ಒದ್ದೆ. ಗೇಟಿನ ಹತ್ತಿರ ಮೊಲೆಫಿ ಎಲ್ಲರ ಕೈ ಕುಲುಕುತ್ತ ನಿಂತಿದ್ದ, ಹೆಗಲಲ್ಲಿ ರೈಫಲ್ಲಿಲ್ಲ.

“ಗೆದ್ವಿ ಮಿಸ್! ಎರಡೂ ನಮಗೇ ತಾನೇ?”

“ಒಂದು ನನ್ನದು.”

“ಇನ್ನೊಂದು?”

ನೀನು ಕೊಂದವನದು ಎನ್ನಬೇಕೆಂದು ಬಾಯಿ ತೆರೆದೆ. ಬೇರೆ ಮಾತು ಬಂತು.

“ಇನ್ನೊಂದು, ನಾವಿಬ್ಬರೂ ಸೇರಿ ಕೊಂದೆವಲ್ಲ, ಅವನದು. ದಾರಿ ಹೇಳಿಕೊಟ್ಟಿದ್ದು ನಾನೇ ಅಲ್ವಾ ಮೊಲೆಫಿ?”

ಅವನ ಚಾಚಿದ ಕೈ ಹಾಗೇ ನಿಂತಿತು. ಅತ್ತೆ ಕೇಳಿಸಿಕೊಂಡರು. ನನ್ನ ಕೈಯನ್ನು ಮೆಲ್ಲಗೆ ಬಿಟ್ಟರು, ಮಗುವಿನ ಕೈ ಬಿಡುವಂತೆ ಒಂದೊಂದೇ ಬೆರಳು ಬಿಡಿಸಿ. ಮನೆಯ ತನಕ ನನಗಿಂತ ಮುಂದೆ ಒಬ್ಬರೇ ನಡೆದರು. ಅಣ್ಣ ಬಿದ್ದ ಜಾಗ ಬಂದಾಗ ಸುತ್ತಿಕೊಂಡು ಹೋದರು. ನಾನೂ ಸುತ್ತಿಕೊಂಡು ಹೋದೆ.

ಈಗ ನಾಲ್ಕು ಗಂಟೆ. ಬೀದಿಯಲ್ಲಿ ಹಾಡುತ್ತಿದ್ದಾರೆ. ನಾನು ಅಂಗಳದಲ್ಲಿ ಕಲ್ಲಿದ್ದಲ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಅತ್ತೆ ಒಳಗೆ ಮೆಕ್ಕೆಜೋಳದ ಪಾಪ್ ಮುದ್ದೆ ತಿರುವುತ್ತಿರುವ ಸದ್ದು ಕೇಳಿಸುತ್ತಿದೆ. ಬಾಗಿಲು ಮುಚ್ಚಿಲ್ಲ. ಕರೆದೂ ಇಲ್ಲ. ತಟ್ಟೆ ಒಂದು ತೆಗೆದಿಡುತ್ತಾರೋ ಎರಡು ತೆಗೆದಿಡುತ್ತಾರೋ ಎಂದು ಕಿವಿಗೊಟ್ಟು ಕೂತಿದ್ದೇನೆ.